ಬೆಂಚಿನ ಮೇಲೆ ಕೂತ ಗೋಲ್‌ಕೀಪರ್

ನಿಪ್ಪಾಣಿಯ ಮೈದಾನದಲ್ಲಿ ನಾನೀಗ ವಾರಕ್ಕೆ ನಾಲ್ಕು ದಿನ ಗೋಲ್‌ಕೀಪರ್‌ಗಳಿಗೆ ತರಬೇತಿ ಕೊಡುತ್ತೇನೆ. ಹೊಸದಾಗಿ ಬರುವವರು ಮೊದಲು ಕೇಳುವುದು ಪೆನಾಲ್ಟಿಯ ಬಗ್ಗೆ. ಹೊಡೆಯುವವನ ಕಣ್ಣು ನೋಡಬೇಕೋ, ಕಾಲು ನೋಡಬೇಕೋ? ಅದನ್ನೆಲ್ಲ ಒಂದು ತಿಂಗಳಲ್ಲಿ ಕಲಿಸಬಹುದು. ಪಂದ್ಯದ ದಿನ ಬೆಳಿಗ್ಗೆ ಹೊಟ್ಟೆಯಲ್ಲಿ ಏಳುವ ಸಂಕಟಕ್ಕೆ ಏನು ಮಾಡಬೇಕು ಅಂತ ಯಾರೂ ಕೇಳುವುದಿಲ್ಲ. ಹದಿನೈದು ಸೀಸನ್ ಸಂಬಳ ತೆಗೆದುಕೊಂಡು ಆಡಿದೆ. ಅಷ್ಟೂ ಸೀಸನ್ ಪಂದ್ಯದ ದಿನ ನನಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಅರ್ಧ ಬಾಳೆಹಣ್ಣು, ಒಂದು ಕಪ್ ಚಹಾ, ಅದೂ ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ.

ಮುಂದೆ ಆಡುವವನು ಹತ್ತು ಸಲ ತಪ್ಪಿ ಒಂದು ಸಲ ಗೋಲು ಹೊಡೆದರೆ ಮಂದಿ ಅವನನ್ನು ಹೆಗಲ ಮೇಲೆ ಹೊರುತ್ತಾರೆ. ನಾವು ಹತ್ತು ಸಲ ಹಿಡಿದು ಒಂದು ಸಲ ಬಿಟ್ಟರೆ, ಬಿಟ್ಟದ್ದೊಂದೇ ಲೆಕ್ಕ. ಇದನ್ನು ಗೊತ್ತುಮಾಡಿಕೊಂಡು ಈ ಕೆಲಸಕ್ಕೆ ಬರಬೇಕು. ಗೆದ್ದ ಕಪ್ಪುಗಳ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ. ಬೆಂಚಿನ ಮೇಲೆ ಕೂತ ಆರು ವರ್ಷಗಳ ಬಗ್ಗೆ, ಬೆಂಚಿನಿಂದ ನಾನು ಎದ್ದ ರೀತಿಯ ಬಗ್ಗೆ ಬರೆಯುತ್ತೇನೆ.

ನನ್ನ ಊರು ಕಬ್ಬೂರ. ಅಪ್ಪ ಪಂಚಾಯತಿ ಆಫೀಸಿನಲ್ಲಿ ಸಿಪಾಯಿ. ಓದಿನಲ್ಲಿ ನಾನು ಅಷ್ಟಕ್ಕಷ್ಟೆ, ಎತ್ತರ ಮಾತ್ರ ಸಾಕಷ್ಟು ಇತ್ತು. ಚಿಕ್ಕೋಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆ ಆಗ ಫುಟ್‌ಬಾಲ್ ತಂಡ ಇಟ್ಟುಕೊಂಡಿತ್ತು. ಕೊಲ್ಲಾಪುರದ ತಂಡಗಳನ್ನು ಸೋಲಿಸಬೇಕು ಎಂಬುದು ಚೇರ್ಮನ್ ಸಾಹೇಬರ ಹಟ. ನಾವು ಹದಿನೆಂಟು ಮಂದಿ ಕಾಗದದ ಮೇಲೆ ಟೈಮ್ ಆಫೀಸಿನ ಕಾರಕೂನರು. ಬೆಳಿಗ್ಗೆ ಹಾಜರಿ ಹಾಕಿ ನೇರ ಗ್ರೌಂಡಿಗೆ ಹೋಗುತ್ತಿದ್ದೆವು. ಕಬ್ಬು ನುರಿಸುವ ಹಂಗಾಮಿನಲ್ಲಿ ಮೈದಾನದ ತುಂಬ ಕಾಕಂಬಿಯ ವಾಸನೆ. ಇಂದಿಗೂ ಆ ವಾಸನೆ ಬಂದರೆ ನನ್ನ ಅಂಗೈ ಬೆವರುತ್ತದೆ. ಪ್ರತಿ ವರ್ಷ ಒಪ್ಪಂದ ಹೊಸದಾಗಬೇಕು. ಆಟ ಕೆಟ್ಟರೆ ಕಾರಕೂನಿಕೆಯೂ ಇಲ್ಲ. ಚೆನ್ನಾಗಿ ಆಡಿದ ಒಬ್ಬಿಬ್ಬರನ್ನು ಕಾಯಂ ಮಾಡುತ್ತಿದ್ದರು. ನಾವೆಲ್ಲ ಕಣ್ಣಿಟ್ಟಿದ್ದು ಅದರ ಮೇಲೆ.

ಕೋಚ್ ಮಾನೆ ಸರ್ ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಕನ್ನಡದಲ್ಲಿ ಶುರು ಮಾಡಿದ ಬೈಗುಳವನ್ನು ಮರಾಠಿಯಲ್ಲಿ ಮುಗಿಸುತ್ತಿದ್ದರು. ಮೊದಲನೇ ಗೋಲ್‌ಕೀಪರ್ ಶೇಡಬಾಳದ ಭೂಪಾಲಣ್ಣ, ನನಗಿಂತ ಎಂಟು ವರ್ಷ ದೊಡ್ಡವರು. ನಾನು ಎರಡನೆಯವನು. ಕಾರ್ಖಾನೆಯ ಕಾಲೋನಿಯಲ್ಲಿ ಇಬ್ಬರಿಗೂ ಒಂದೇ ಖೋಲಿ.

ಭೂಪಾಲಣ್ಣ ಜೈನರು. ಹೊತ್ತು ಮುಳುಗಿದ ಮೇಲೆ ಏನನ್ನೂ ತಿನ್ನುತ್ತಿರಲಿಲ್ಲ. ಸಂಜೆ ಪಂದ್ಯ ಮುಗಿದ ಕೂಡಲೇ ಬೂಟು ಬಿಚ್ಚುವ ಮೊದಲೇ ಡಬ್ಬಿ ಬಿಚ್ಚುವವರು. ನಾವು ಚೇಷ್ಟೆ ಮಾಡಿದರೆ ನಗುತ್ತಿದ್ದರೇ ಹೊರತು ನಿಯಮ ಬಿಟ್ಟವರಲ್ಲ. ಅವರಿಂದ ನಾನು ಕಲಿತಷ್ಟನ್ನು ಯಾವ ಕೋಚ್‌ನಿಂದಲೂ ಕಲಿಯಲಿಲ್ಲ. ಕಲ್ಲು ಇರುವ ನೆಲದಲ್ಲಿ ಮೊಣಕೈ ಊರದೆ ಬೀಳುವುದು ಹೇಗೆ, ಮಧ್ಯಾಹ್ನದ ಬಿಸಿಲು ಎದುರಿಗಿದ್ದಾಗ ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಹೇಳಿಕೊಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ, ಬಾಯಿ ಮುಚ್ಚಬಾರದು ಎಂಬುದನ್ನು.

"ನಿನ್ನ ದನಿ ಕೇಳಿದ್ರ ಡಿಫೆನ್ಸಿನವ್ರಿಗೆ ಧೈರ್ಯ ಬರತೈತಿ. ನಿನಗ ಹೆದರಿಕಿ ಆಗಿದ್ರೂ ಒದರು. ಹೆದರಿದವ ಒದರಾಕತ್ತಾನ ಅಂತ ಅವ್ರಿಗೇನ್ ಗೊತ್ತಾಗಬೇಕು?" ಅನ್ನುತ್ತಿದ್ದರು.

ನನಗೆ ಮೊದಲ ಅವಕಾಶ ಸಿಕ್ಕಿದ್ದು ಹಾರೂಗೇರಿಯಲ್ಲಿ. ಭೂಪಾಲಣ್ಣನ ತಂಗಿಯ ಮದುವೆ ಇತ್ತು, ಆ ಒಂದು ಪಂದ್ಯ ನನ್ನ ಪಾಲಿಗೆ ಬಂತು. ಇಪ್ಪತ್ತು ನಿಮಿಷ ಸರಿಯಾಗಿಯೇ ಆಡಿದೆ. ಆಮೇಲೆ ಬಾಲ್ ಕೈಯಲ್ಲಿದ್ದಾಗ ಸೀಟಿ ಕೇಳಿಸಿತು. ಫ್ರೀಕಿಕ್ ನಮಗೇ ಸಿಕ್ಕಿದೆ ಅಂದುಕೊಂಡು ಬಾಲನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಸೀಟಿ ಊದಿದವನು ರೆಫರಿ ಅಲ್ಲ, ಕಾಂಪೌಂಡ್ ಮೇಲೆ ಕೂತ ಯಾರೋ ಪ್ರೇಕ್ಷಕ. ಎದುರಿನವನು ಓಡಿಬಂದು ಆ ಬಾಲನ್ನು ಖಾಲಿ ಗೋಲಿಗೆ ತಳ್ಳಿದ. ಇಡೀ ಮೈದಾನ ನಕ್ಕಿತು. ನಮ್ಮ ಡಿಫೆನ್ಸಿನವರೂ ನಕ್ಕರು.

ಮರುದಿನ ಚೇರ್ಮನ್ ಸಾಹೇಬರು ಗ್ರೌಂಡಿಗೆ ಬಂದು ನನ್ನ ಕಡೆ ನೋಡದೆಯೇ ಮಾನೆ ಸರ್‌ಗೆ ಹೇಳಿದರು: "ಆ ಹುಡುಗನ ಕಿವಿ ತಪಾಸ ಮಾಡಸ್ರಿ."

ಆಮೇಲೆ ಬೆಂಚು. ಬೆಂಚಿನ ಮೇಲೆ ಕೂತ ಬೇರೆ ಆಟಗಾರರಿಗೆ ಕೊನೆಯ ಹತ್ತು ನಿಮಿಷವಾದರೂ ಸಿಗುತ್ತದೆ. ಎರಡನೇ ಗೋಲ್‌ಕೀಪರ್‌ಗೆ ಅದೂ ಇಲ್ಲ. ಮೊದಲನೆಯವನು ಬಿದ್ದು ಏಳದೆ ಹೋದರೆ ಮಾತ್ರ ಅವನ ಸರದಿ. ಭೂಪಾಲಣ್ಣ ಎದುರಿನ ಫಾರ್ವರ್ಡ್‌ಗಳ ಕಾಲಿಗೆ ಅಡ್ಡ ಬಿದ್ದಾಗೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಒಂದು, ಈಗ ನಾನು ಇಳಿಯಬೇಕಾಗುತ್ತದೋ ಏನೋ ಎಂಬ ಹೆದರಿಕೆ. ಇನ್ನೊಂದು, ಇಳಿಯುವಂತಾಗಲಿ ಎಂಬ ಆಸೆ. ಅವರು ಎದ್ದು ಮೈ ಝಾಡಿಸಿಕೊಂಡಾಗ ಉಸಿರು ಬಿಡುತ್ತಿದ್ದೆ. ಆ ಉಸಿರು ಯಾವುದಕ್ಕೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಹೀಗೆ ಆರು ವರ್ಷ.

ಆರನೇ ವರ್ಷ ನಿಪ್ಪಾಣಿಯ ದೊಡ್ಡ ಟೂರ್ನಮೆಂಟಿನಲ್ಲಿ ಸೆಮಿಫೈನಲ್‌ವರೆಗೆ ಬಂದೆವು. ಕಪ್ಪು ತಂದರೆ ಭೂಪಾಲಣ್ಣನನ್ನು ಕಾಯಂ ಮಾಡುವುದಾಗಿ ಚೇರ್ಮನ್ ಸಾಹೇಬರು ಎಲ್ಲರ ಎದುರಿಗೇ ಮಾತು ಕೊಟ್ಟಿದ್ದರು. ಭೂಪಾಲಣ್ಣನಿಗೆ ಮೂವತ್ತನಾಲ್ಕು ವಯಸ್ಸು. ಮನೆಯಲ್ಲಿ ಇಬ್ಬರು ಅಣ್ಣಂದಿರು, ಒಂದು ದ್ರಾಕ್ಷಿ ತೋಟ. ಅದರಲ್ಲಿ ಮೂರನೇ ಸಂಸಾರ ಸಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹೆಂಡತಿ ಆಗ ಏಳು ತಿಂಗಳ ಬಸುರಿ.

ಆ ವರ್ಷ ಸೆಮಿಫೈನಲ್ ಬುಧವಾರ ಅಥಣಿಯಲ್ಲಿ, ಫೈನಲ್ ಭಾನುವಾರ ನಿಪ್ಪಾಣಿಯಲ್ಲಿ ಇಟ್ಟಿದ್ದರು. ಎರಡನೇ ಅರ್ಧದಲ್ಲಿ ಒಂದು ಕಾರ್ನರ್ ಬಂತು. ಭೂಪಾಲಣ್ಣ ಜಿಗಿದು ಬಾಲನ್ನು ಗುದ್ದಿದರು. ಕೆಳಗೆ ಬೀಳುವಾಗ ಯಾರದೋ ಮೊಣಕಾಲು ಅವರ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಆ ಸಪ್ಪಳ ಬೆಂಚಿಗೆ ಕೇಳಿಸಿತು. ನಾನು ಎದ್ದು ನಿಂತೆ. ಮಾನೆ ಸರ್ ಓಡಿಹೋಗಿ ತಲೆಗೆ ನೀರು ಸುರಿದರು. ಆಗಿನ ಔಷಧ ಅಷ್ಟೇ. ಭೂಪಾಲಣ್ಣ ಕೈ ಎತ್ತಿ ಎದ್ದು ನಿಂತರು, ಉಳಿದ ಆಟ ಆಡಿದರು, ನಾವು ಗೆದ್ದೆವು.

ವಾಪಸು ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದರು.

"ಎಷ್ಟಕ್ಕ ಎಷ್ಟು ಆತೋ?" ಎಂದು ಕೇಳಿದರು.

"ಎರಡು ಒಂದು, ಅಣ್ಣಾ. ಗೆದ್ದೇವಿ."

ಐದು ನಿಮಿಷದ ಮೇಲೆ ಮತ್ತೆ ಅದೇ ಪ್ರಶ್ನೆ. ಕಾಗವಾಡ ದಾಟುವಷ್ಟರಲ್ಲಿ ಮೂರನೇ ಸಲ ಕೇಳಿದರು. ಕೃಷ್ಣಾ ಸೇತುವೆ ದಾಟಿ ಅಂಕಲಿಯಲ್ಲಿ ಚಹಾಕ್ಕೆ ಬಸ್ಸು ನಿಂತಾಗ ಹೊತ್ತು ಮುಳುಗಿತ್ತು. ಎಲ್ಲರೂ ಭಜಿ ತಿನ್ನುತ್ತಿದ್ದರು. ಭೂಪಾಲಣ್ಣ ಪ್ಲೇಟಿಗೆ ಕೈ ಹಾಕಿ ಒಂದು ಭಜಿ ತೆಗೆದುಕೊಂಡು ಬಾಯಿಯ ಹತ್ತಿರ ಒಯ್ದರು. ನಾನು ಅವರ ಮಣಿಕಟ್ಟು ಹಿಡಿದೆ.

"ಅಣ್ಣಾ, ಹೊತ್ತು ಮುಣುಗೇತ್ರಿ."

ಅವರು ಕೈಯಲ್ಲಿದ್ದ ಭಜಿಯನ್ನು ನೋಡಿದರು. ಆಕಾಶ ನೋಡಿದರು. ಅವರ ಮುಖದಲ್ಲಿ ಅಂಥ ಗಾಬರಿಯನ್ನು ನಾನು ಯಾವ ಪಂದ್ಯದಲ್ಲೂ ಕಂಡಿರಲಿಲ್ಲ. ಬಸ್ಸಿನ ಹಿಂದಕ್ಕೆ ಹೋಗಿ ವಾಂತಿ ಮಾಡಿಕೊಂಡರು. ನಾನು ನೀರು ತಂದುಕೊಟ್ಟೆ.

"ಮಿಲಿಂದ, ಯಾರ ಮುಂದೂ ಹೇಳಬ್ಯಾಡ. ಆಯಿತವಾರ ಫೈನಲ್ ಮುಗೀಲಿ. ಆಮ್ಯಾಲ ನಾನ ಮಿರಜಕ್ಕ ಹೋಗಿ ಡಾಕ್ಟರ್‌ಗೆ ತೋರಸ್ತೇನಿ."

"ಆತ್ರಿ ಅಣ್ಣಾ" ಎಂದೆ. ಎಷ್ಟು ಸುಲಭವಾಗಿ ಅಂದೆ ಎಂದು ಈಗ ಆಶ್ಚರ್ಯವಾಗುತ್ತದೆ.

ಗುರುವಾರ, ಶುಕ್ರವಾರ ಪ್ರಾಕ್ಟೀಸಿನಲ್ಲಿ ನನ್ನ ಕಣ್ಣು ಅವರ ಮೇಲೆಯೇ. ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಿದ್ದರು. ಎಡಗಾಲಿನ ಲೇಸು ಕಟ್ಟಿ ಎದ್ದು, ಮತ್ತೆ ಕೂತು ಅದನ್ನೇ ಬಿಚ್ಚಿ ಕಟ್ಟಿದರು. ಮಾನೆ ಸರ್‌ಗೆ ಇದೆಲ್ಲ ಕಾಣಲಿಲ್ಲ. ಫಾರ್ವರ್ಡ್‌ಗಳ ಜೊತೆ ಮೈದಾನದ ಆ ತುದಿಯಲ್ಲಿರುತ್ತಿದ್ದರು. ಹೇಳಬೇಕು ಅಂತ ನಾಲ್ಕು ಸಲ ಅವರ ಹತ್ತಿರ ಹೋದೆ, ನಾಲ್ಕೂ ಸಲ ಬೇರೇನೋ ಕೇಳಿ ಬಂದೆ. ಹೇಳಿದರೆ ಭೂಪಾಲಣ್ಣನ ಜಾಗ ನನಗೆ. ಬೇರೆ ಯಾರಾದರೂ ಹೇಳಿದರೆ ಅದು ಕಾಳಜಿ, ನಾನು ಹೇಳಿದರೆ ಅದು ಕಳವು. ಹಾಗಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಶುಕ್ರವಾರ ಸಂಜೆ ಚಿಕ್ಕೋಡಿಗೆ ಹೋದೆ. ನನ್ನ ಅಕ್ಕ ಶೋಭಾ ಅಲ್ಲಿ ಒಂದು ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಹೊರಗೆ ಬಂದವಳಿಗೆ ಎಲ್ಲವನ್ನೂ ಹೇಳಿದೆ.

"ವಾಂತಿ ಮಾಡ್ಯಾರ?" ಎಂದು ಕೇಳಿದಳು.

"ಹೌದು."

"ಕೇಳಿದ್ದನ್ನ ತಿರಗಿ ಕೇಳತಾರ?"

"ಹೌದು ಅಕ್ಕಾ."

"ಮತ್ತ ನನ್ನ ಮುಂದ ಕುಂತು ಏನ್ ಮಾಡಾಕತ್ತಿ? ಇದರ ಮ್ಯಾಲ ಇನ್ನೊಂದು ಪೆಟ್ಟು ಬಿದ್ರ ಮನಷ್ಯಾ ಏಳೂದಿಲ್ಲ. ಎದ್ರೂ ಮೊದಲಿನಂಗ ಇರೂದಿಲ್ಲ. ನಾ ನೋಡೇನಿ."

"ಹೇಳಿದ್ರ ಆ ಜಾಗಾ ನನಗ ಬರತೈತಿ. ಮಂದಿ ಏನಂದಾರು?"

ಅಕ್ಕ ಹೇಳಿದಳು: "ಅವರ ಹೇಂತಿ ಬಸರ ಅದಾಳ ಅಂದಿ. ಏನರ ಆದ್ರ ಆಕಿಗೆ ನೀ ಏನ್ ಹೇಳಾಂವ, ಅದನ್ನ ವಿಚಾರ ಮಾಡು. ಮಂದೀದು ಆಮ್ಯಾಲ."

ಶನಿವಾರ ಬೆಳಗಿನ ಪ್ರಾಕ್ಟೀಸ್ ಮುಗಿಸಿ ಬಂದು, ಮಧ್ಯಾಹ್ನ ಖೋಲಿಯಲ್ಲಿ ಭೂಪಾಲಣ್ಣ ಕಿಟಕಿಗೆ ಟವೆಲ್ ಕಟ್ಟಿ ಮಲಗಿದ್ದರು. ನಾನು ಬಾಗಿಲಲ್ಲೇ ನಿಂತು ಹೇಳಿದೆ: "ಅಣ್ಣಾ, ಸರ್‌ಗೆ ನೀವ ಹೇಳ್ರಿ. ನೀವು ಹೇಳಲಿಲ್ಲಂದ್ರ ನಾ ಹೇಳಬೇಕಾಗತೈತಿ."

ಅವರು ಏಳಲಿಲ್ಲ, ತಲೆಯನ್ನಷ್ಟೇ ಹೊರಳಿಸಿದರು.

"ನನ್ನ ಜಾಗಾ ಬೇಕಾಗೇತಿ ಅಂತ ನೇರ ಹೇಳೋ. ಆರ ವರ್ಷ ಕುಂತೀದಿ, ಬ್ಯಾಸರಾಗೇತಿ. ನನಗ ತಿಳೀತೈತಿ. ಆದ್ರ ತಲೀದು ನೆಪ ಮಾಡಬ್ಯಾಡ."

ನಾನು ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತೆ. ಆ ದಿನವೂ ಹೇಳಲಿಲ್ಲ.

ಭಾನುವಾರ ನಿಪ್ಪಾಣಿಯಲ್ಲಿ ಮಧ್ಯಾಹ್ನ ಮೂರಕ್ಕೇ ಮೈದಾನ ತುಂಬಿತ್ತು. ಕೊಲ್ಲಾಪುರದಿಂದ ಟೆಂಪೊಗಳಲ್ಲಿ ಮಂದಿ ಬಂದಿದ್ದರು. ಪಂದ್ಯಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳುವಾಗ ನಮ್ಮ ಕ್ಯಾಪ್ಟನ್ ಸಂಜು ಭೂಪಾಲಣ್ಣನ ಕಡೆ ಒಂದು ಬಾಲನ್ನು ಕೈಯಿಂದ ಸುಮ್ಮನೆ ಎಸೆದ, ಸಣ್ಣ ಮಕ್ಕಳಿಗೆ ಎಸೆಯುವ ಹಾಗೆ. ಭೂಪಾಲಣ್ಣ ಎರಡೂ ಕೈ ಚಾಚಿದರು. ಬಾಲು ಕೈಗಳ ಮಧ್ಯದಿಂದ ಹಾದು ಎದೆಗೆ ಬಡಿದು ಬಿತ್ತು. ಸಂಜು ನಕ್ಕ. ಭೂಪಾಲಣ್ಣನೂ ನಕ್ಕರು. ನಾನು ಮಾನೆ ಸರ್ ಇದ್ದಲ್ಲಿಗೆ ಓಡಿದೆ.

ಒಂದೇ ಉಸಿರಿನಲ್ಲಿ ಹೇಳಿದೆ. ಸರ್ ಮುಖ ಕಲ್ಲಾಯಿತು. "ಯಾವತ್ತಿನಿಂದ ಗೊತ್ತೈತಿ ನಿನಗ?"

"ಬುಧವಾರದಿಂದ್ರಿ."

ಅವರು ಭೂಪಾಲಣ್ಣನನ್ನು ಕರೆದರು. ಇವತ್ತು ಯಾವ ವಾರ, ಎದುರಿಗೆ ಯಾವ ತಂಡ ಎಂದು ಕೇಳಿದರು. ಎರಡಕ್ಕೂ ಸರಿಯಾದ ಉತ್ತರ ಬಂತು. ನನ್ನ ಕಿವಿ ಬಿಸಿಯಾಯಿತು. ಕೊನೆಗೆ ಸರ್ ಕೇಳಿದರು: "ಅಥಣ್ಯಾಗ ನಮ್ಮವ್ರು ಯಾರ್ ಯಾರು ಗೋಲ್ ಹೊಡದ್ರು?"

ಭೂಪಾಲಣ್ಣ ಬಾಯಿ ತೆರೆದರು. ಏನೂ ಬರಲಿಲ್ಲ. ಸಹಾಯಕ್ಕೆ ಸಂಜುವಿನ ಕಡೆ ನೋಡಿದರು. ಎರಡೂ ಗೋಲು ಹೊಡೆದವನು ಸಂಜುವೇ.

"ಜರ್ಸಿ ತಗಿ" ಎಂದರು ಮಾನೆ ಸರ್. ಬಹಳ ಮೆಲ್ಲಗೆ ಅಂದರು.

ನಾನು ಗ್ಲೌಸ್ ಹಾಕಿಕೊಳ್ಳುವಾಗ ಸಂಜು ಪಕ್ಕದಲ್ಲಿ ಬಂದು ಹೇಳಿದ: "ಶಾಬಾಸ್ ಮಿಲಿಂದ. ಆರ ವರ್ಷಕ್ಕ ನಿನ್ನ ನಂಬರ್ ಹತ್ತಿತು."

ಆ ಪಂದ್ಯದಲ್ಲಿ ನಮ್ಮ ಡಿಫೆನ್ಸಿನವರು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಾನು ಗಂಟಲು ಹರಿಯುವ ಹಾಗೆ ಒದರುತ್ತಿದ್ದೆ, ಯಾರೂ ತಿರುಗಿ ನೋಡುತ್ತಿರಲಿಲ್ಲ. ಮೊದಲ ಗೋಲು ಯಾರು ನಿಂತಿದ್ದರೂ ಆಗುತ್ತಿತ್ತು. ಎರಡನೆಯದು ನನ್ನ ತಪ್ಪು. ಒಂದು ಕ್ರಾಸಿಗೆ ಮುಂದೆ ಬಂದೆ, ಅರ್ಧದಲ್ಲಿ ಅನುಮಾನ ಬಂದು ನಿಂತೆ. ಮುಂದೆ ಬರುವುದೂ ಹಿಂದೆ ಉಳಿಯುವುದೂ ಎರಡೂ ತಪ್ಪಲ್ಲ, ನಡುವೆ ನಿಲ್ಲುವುದು ತಪ್ಪು. ಬಾಲು ನನ್ನ ತಲೆಯ ಮೇಲಿಂದ ಒಳಗೆ ಹೋಯಿತು. ಎರಡು ಒಂದರಲ್ಲಿ ಸೋತೆವು.

ಚೇರ್ಮನ್ ಸಾಹೇಬರು ಪೆಂಡಾಲಿನಿಂದ ಎದ್ದು ಬಹುಮಾನ ಕೊಡುವ ಮೊದಲೇ ಕಾರು ಹತ್ತಿದರು. ಭೂಪಾಲಣ್ಣನ ಅಣ್ಣ ಬಂದಿದ್ದ. ಅವನ ಬೈಕಿನ ಹಿಂದೆ ಕೂತು ಅವರೂ ಹೋದರು. ನಾನು ನಾಲ್ಕು ಹೆಜ್ಜೆ ಅಂತರದಲ್ಲಿ ನಿಂತಿದ್ದೆ. ನನ್ನತ್ತ ನೋಡಲಿಲ್ಲ.

ಸೋಮವಾರ ಮಿರಜದಲ್ಲಿ ತಲೆಯ ಸ್ಕ್ಯಾನ್ ಆಯಿತು. ರಿಪೋರ್ಟ್ ನಾರ್ಮಲ್. ಒಂದು ತಿಂಗಳು ಆಡಬಾರದು ಅಂತ ಡಾಕ್ಟರರು ಹೇಳಿದರಂತೆ, ಆದರೆ ಆ ಮಾತು ನಮ್ಮ ಡ್ರೆಸಿಂಗ್ ರೂಮಿನವರೆಗೆ ಬರಲಿಲ್ಲ. ಬಂದದ್ದು ಒಂದೇ ಮಾತು: ಏನೂ ಇಲ್ಲ. ಏನೂ ಇಲ್ಲದ ಮನುಷ್ಯನನ್ನು ಮಿಲಿಂದ ಕೂರಿಸಿದ, ಕಪ್ಪು ಕಳೆದ. ಆ ಹಂಗಾಮು ಮುಗಿದ ಮೇಲೆ ಭೂಪಾಲಣ್ಣನ ಒಪ್ಪಂದ ಹೊಸದಾಗಲಿಲ್ಲ. ಖೋಲಿಯಲ್ಲಿದ್ದ ಅವರ ಟ್ರಂಕನ್ನು ನಾನಿಲ್ಲದಾಗ ಯಾರೋ ಬಂದು ಒಯ್ದರು. ಮಾನೆ ಸರ್ ನನ್ನನ್ನು ಮೊದಲನೇ ಗೋಲ್‌ಕೀಪರ್ ಮಾಡಿದರು. ಆದರೆ ಅವರೂ ಒಂದು ಮಾತು ಹೇಳಿದರು: "ನೀ ಹೇಳಿದ್ದು ತಪ್ಪಲ್ಲ. ಆಯಿತವಾರ ಹೇಳಿದ್ದು ತಪ್ಪು."

ಆಮೇಲೆ ಒಂಬತ್ತು ವರ್ಷ ನಾನು ಆ ಜಾಗದಲ್ಲಿ ನಿಂತೆ. ಸಂಜು ಎರಡನೇ ವರ್ಷದಿಂದ ಮಾತಾಡಲು ಶುರು ಮಾಡಿದ. ಆಟವೂ ಬದಲಾಯಿತು. ಮಾನೆ ಸರ್ ಹೋದ ಮೇಲೆ ಗೋವಾದಿಂದ ಒಬ್ಬ ಯುವ ಕೋಚ್ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಗೋಲ್‌ಕೀಪರ್ ಬಾಲನ್ನು ಉದ್ದಕ್ಕೆ ಒದೆಯುವುದು ಅವರಿಗೆ ಆಗದು. ಕಾಲಿನಿಂದ ಪಕ್ಕದವನಿಗೆ ಪಾಸ್ ಕೊಡಬೇಕು. ಮೂವತ್ತೆರಡನೇ ವಯಸ್ಸಿನಲ್ಲಿ ನನಗೆ ಕಾಲಿನ ಆಟ ಹೊಸದಾಗಿ ಕಲಿಯುವ ಪಾಳಿ. ರಾಯಬಾಗದಲ್ಲಿ ಒಂದು ಪಾಸನ್ನು ನೇರ ಎದುರಾಳಿಯ ಕಾಲಿಗೇ ಕೊಟ್ಟೆ, ಅವನು ನಿಧಾನಕ್ಕೆ ಗೋಲು ಹಾಕಿದ. ಕೋಚ್ ಅದರ ವಿಡಿಯೊವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ ಹನ್ನೊಂದು ಸಲ ಓಡಿಸಿದರು. ಹಿಂದಿನವರು ಬೈದು ಬಿಡುತ್ತಿದ್ದರು. ಈಗಿನವರು ಬೈಯುವುದಿಲ್ಲ, ತೋರಿಸುತ್ತಾರೆ. ಯಾವುದು ಹೆಚ್ಚು ನೋಯುತ್ತದೆ ಅಂತ ನನಗೆ ಇನ್ನೂ ತೀರ್ಮಾನವಾಗಿಲ್ಲ.

ಒಂದು ಬದಲಾವಣೆಯನ್ನು ಮಾತ್ರ ನಾನು ಮನಸಾರೆ ಒಪ್ಪುತ್ತೇನೆ. ಈಗ ತಲೆಗೆ ಪೆಟ್ಟು ಬಿದ್ದರೆ ಆಟ ನಿಲ್ಲುತ್ತದೆ, ಡಾಕ್ಟರ್ ಬರುತ್ತಾರೆ. ಹೇಳಬೇಕೋ ಬೇಡವೋ ಎಂಬುದನ್ನು ಬೆಂಚಿನ ಮೇಲೆ ಕೂತವನ ತಲೆಗೆ ಕಟ್ಟುವುದಿಲ್ಲ.

ಬಲಗೈ ಬೆರಳೊಂದು ಮೂರನೇ ಸಲ ಮುರಿದ ಮೇಲೆ ಆಟ ಬಿಟ್ಟೆ. ಹೋದ ವರ್ಷ ಕಾಗವಾಡದಲ್ಲಿ ಶಾಲೆಗಳ ಟೂರ್ನಮೆಂಟಿಗೆ ಹೋಗಿದ್ದೆ. ಅಲ್ಲಿಂದ ಶೇಡಬಾಳ ಹತ್ತಿರ. ಇಷ್ಟು ವರ್ಷ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇನೆ, ಒಮ್ಮೆಯೂ ಇಳಿದಿರಲಿಲ್ಲ. ಆ ದಿನ ಇಳಿದೆ. ಕೇಳಿಕೊಂಡು ತೋಟಕ್ಕೆ ಹೋದರೆ ದ್ರಾಕ್ಷಿಬಳ್ಳಿಗಳ ಚಾಟಣಿ ನಡೆದಿತ್ತು. ಭೂಪಾಲಣ್ಣ ಕೂಲಿಯವರ ಜೊತೆ ತಾವೂ ಕತ್ತರಿ ಹಿಡಿದು ಬಳ್ಳಿ ಕತ್ತರಿಸುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿಯಲು ಅವರಿಗೆ ಹೊತ್ತು ಬೇಕಾಗಲಿಲ್ಲ.

"ಬಾ, ಕೂಡು" ಎಂದರು. ಒಡ್ಡಿನ ಮೇಲೆ ಕೂತೆವು.

"ತಲಿ ಹೆಂಗೈತ್ರಿ ಅಣ್ಣಾ?"

"ಬರೋಬರಿ ಐತಿ. ಆದ್ರ ಆ ವಾರದ್ದು ಏನೂ ನೆನಪಿಲ್ಲ. ಅಥಣಿಗೆ ಬಸ್ ಹತ್ತಿದ್ದು ನೆನಪೈತಿ. ಆಮ್ಯಾಲ ಮಿರಜದಾಗ ಅಣ್ಣ ಮೂಸಂಬಿ ಸುಲದು ಕೊಟ್ಟದ್ದು ನೆನಪೈತಿ. ನಡಕಿಂದು ಮಂದಿ ಹೇಳಿದ್ದು, ಅಷ್ಟ."

ಆ ಖೋಲಿಯಲ್ಲಿ ಅವರು ನನಗೆ ಅಂದ ಮಾತನ್ನು ಇಷ್ಟು ವರ್ಷ ನಾನೊಬ್ಬನೇ ಹೊತ್ತುಕೊಂಡಿದ್ದೆ.

"ನೀ ಇದ್ದಿಯಲ್ಲ ಜತೀಗೆ. ಹೇಳು, ಏನೇನಾತು" ಎಂದರು.

ಹೇಳಿದೆ. ಭಜಿಯಿಂದ ಹಿಡಿದು ಬಾಲು ಎದೆಗೆ ಬಡಿದದ್ದರವರೆಗೆ. ಜಾಗ ಬೇಕು ಅಂತ ನನಗೂ ಆಸೆ ಇತ್ತು ಎಂಬುದನ್ನೂ ಹೇಳಿದೆ.

"ಇರಬೇಕಲಾ. ಇರಲಿಲ್ಲಂದ್ರ ಆರ ವರ್ಷ ಯಾಕ ಕುಂತಿರತಿದ್ದಿ?" ಎಂದರು. ಕತ್ತರಿಯ ಬಾಯಿಗೆ ಅಂಟಿದ ಸಿಪ್ಪೆಯನ್ನು ಬೆರಳಿನಿಂದ ತೆಗೆದರು. ಆಮೇಲೆ ಕೇಳಿದರು: "ಗುರವಾರ, ಶುಕ್ಕರವಾರ, ಶನವಾರ ನಾ ಪ್ರಾಕ್ಟೀಸ್ ಮಾಡೇನಿ ಅಂದಿ. ಗೋಲಿನ್ಯಾಗ ನಿಂತಿದ್ನ್ಯಾ?"

"ನಿಂತಿದ್ರಿ."

"ಬಾಲ್ ಯಾರು ಹೊಡೀತಿದ್ರು ನನಗ?"

ಇಲ್ಲಿಯವರೆಗೆ ಬರೆಯದೆ ಬಿಟ್ಟದ್ದು ಇದೊಂದೇ. ಎರಡನೇ ಗೋಲ್‌ಕೀಪರ್‌ನ ದಿನದ ಕೆಲಸವೇ ಅದು. ಮೊದಲನೆಯವನಿಗೆ ಬಾಲ್ ಹೊಡೆದು ಹೊಡೆದು ಅವನನ್ನು ಸಿದ್ಧ ಮಾಡುವುದು. ಮೂರೂ ದಿನ ನಾನು ಹನ್ನೆರಡು ಹೆಜ್ಜೆ ದೂರದಿಂದ ಅವರಿಗೆ ಹೊಡೆದೆ. ಮೆಲ್ಲಗೆ, ನೆಲಮಟ್ಟಕ್ಕೆ ಹೊಡೆಯುತ್ತಿದ್ದೆ. ಮಾನೆ ಸರ್ ದೂರದಿಂದ "ಜೋರ ಹೊಡಿ" ಎಂದಾಗ ಜೋರಾಗಿಯೂ ಹೊಡೆದೆ. ಶುಕ್ರವಾರ ಒಂದು ಬಾಲು ಅವರ ಕಿವಿಗೆ ತಾಗುವಷ್ಟು ಹತ್ತಿರ ಹೋಗಿ ಕಂಬಕ್ಕೆ ಬಡಿದಿತ್ತು. ಗೊತ್ತಿದ್ದೂ ಮುಂದಿನ ಬಾಲನ್ನು ಇಟ್ಟು ಮತ್ತೆ ಹೊಡೆದೆ.

"ನಾನ ಅಣ್ಣಾ" ಎಂದೆ.

ಭೂಪಾಲಣ್ಣ ನನ್ನ ಮುಖವನ್ನು ನೋಡಿದರು. ಎದ್ದು ಬಳ್ಳಿಯ ಸಾಲಿಗೆ ಹೋಗಿ ಕತ್ತರಿ ಹಿಡಿದರು. ನಾನು ಅಲ್ಲಿಯೇ ಕೂತಿದ್ದೆ. ಅರ್ಧ ಸಾಲು ಮುಗಿದ ಮೇಲೆ ತಿರುಗಿ ನೋಡದೆ ಹೇಳಿದರು: "ಹೊತ್ತು ಮುಣಗೂದ್ರಾಗ ಮನ್ಯಾಗ ಊಟಾ ಆಗತೈತಿ. ಮಾಡಕೊಂಡ ಹೋಗು."